ವಲ್ಲಿಯವನು ಬರುತ್ತಿದ್ದ ಭಾನುವಾರಗಳು

ನಮ್ಮ ಮನೆಯ ಗೋಡೆಗೆ ವಾರಕ್ಕೆ ಒಂದೇ ದಿನ ರಜೆ. ಉಳಿದ ಆರು ದಿನ ಬೆಳಗ್ಗೆ ಎಂಟಕ್ಕೆ ಪಕ್ಕದ ಶೆಡ್ಡಿನಲ್ಲಿ ಪವರ್ ಪ್ರೆಸ್ಸು ಶುರುವಾದರೆ ಸಂಜೆಯವರೆಗೂ ಧಬ್ ಧಬ್ ಎಂದು ತಗಡು ಕತ್ತರಿಸುತ್ತಲೇ ಇರುತ್ತಿತ್ತು. ಪೀಣ್ಯದ ಎರಡನೇ ಹಂತದ ಹಿಂಬದಿಯಲ್ಲಿ ಒಂದೇ ಸಾಲಿಗೆ ಆರು ಮನೆಗಳಿದ್ದ ವಠಾರ ಅದು; ನಮ್ಮದು ಕೊನೆಯ ಮನೆ, ಶೆಡ್ಡಿಗೆ ಬೆನ್ನು ಕೊಟ್ಟು ಕೂತದ್ದು. ಸ್ಟ್ಯಾಂಡಿನಲ್ಲಿ ಸಾಲಾಗಿಟ್ಟ ಸ್ಟೀಲು ಲೋಟಗಳು ಮಧ್ಯಾಹ್ನದ ಹೊತ್ತಿಗೆ ತಾವಾಗಿಯೇ ಅಂಚಿಗೆ ಸರಿದು ಬಂದಿರುತ್ತಿದ್ದವು. ಶಾಲೆಯಿಂದ ಬಂದ ಕೂಡಲೇ ಅವನ್ನೆಲ್ಲ ಹಿಂದಕ್ಕೆ ತಳ್ಳುವುದು ನನ್ನ ಕೆಲಸ. ಟೀವಿಯಲ್ಲಿ ಕಾಣುವ ಮುಖಗಳೆಲ್ಲ ಚಳಿ ಹತ್ತಿದವರ ಹಾಗೆ ನಡುಗುತ್ತಿದ್ದವು. ನಾನು ಇವತ್ತಿಗೂ ಹತ್ತು ನಿಮಿಷ ಒಂದು ಕಡೆ ಅಲುಗಾಡದೆ ಕೂತವಳಲ್ಲ. ಕಾಲು ಕುಣಿಸುತ್ತೇನೆ, ಪೆನ್ನು ಕುಟ್ಟುತ್ತೇನೆ, ಎದುರಿಗಿರುವವರ ಮಾತು ಮುಗಿಯುವ ಮೊದಲೇ ಉತ್ತರ ಕೊಡುತ್ತೇನೆ. ನನ್ನ ಗಂಡ ಇದಕ್ಕೆ "ಪ್ರೆಸ್ಸು ಶುರುವಾಯ್ತು" ಅನ್ನುತ್ತಾನೆ.

ಇದ್ದದ್ದು ಎರಡು ಕೋಣೆ. ಮುಂದಿನದರಲ್ಲಿ ಅಜ್ಜಿಯ ಮಂಚ, ಅಮ್ಮನ ಕಾಲು ಮೆಷೀನು, ಟೀವಿ. ಹಿಂದಿನದರಲ್ಲಿ ಒಲೆ, ಬಚ್ಚಲು, ನಾವು ಮೂರು ಜನ ಮಲಗುವ ಜಾಗ. ಬಾಗಿಲ ಹಿಂದೆ ಮೂಲೆಯಲ್ಲಿ ಒಂದು ಗದೆ ನಿಂತಿರುತ್ತಿತ್ತು. ಕಾಗದದ ಗಂಜಿಯಲ್ಲಿ ಮಾಡಿ ಚಿನ್ನದ ಬಣ್ಣ ಬಳಿದ ಗದೆ. ಅದು ಅಪ್ಪನದು. ಅಪ್ಪ ಎಲೆಕ್ಟ್ರೋಪ್ಲೇಟಿಂಗ್ ಶೆಡ್ಡಿನಲ್ಲಿ ನಲ್ಲಿಗಳಿಗೆ ಹೊಳಪು ಹಚ್ಚುವ ಕೆಲಸದಲ್ಲಿದ್ದ. ಅವನ ಕೈಗೆ ಎಷ್ಟು ಸೋಪು ಹಾಕಿದರೂ ಆಸಿಡ್ಡಿನ ವಾಸನೆ ಹೋಗುತ್ತಿರಲಿಲ್ಲ. ಆದರೆ ಅವನ ನಿಜವಾದ ಉದ್ಯೋಗ ನಾಟಕ. ನಮ್ಮ ಕಡೆಯ ಕಾರ್ಖಾನೆಗಳ ಗಂಡಸರೆಲ್ಲ ಸೇರಿ ವರ್ಷಕ್ಕೊಂದು ಪೌರಾಣಿಕ ನಾಟಕ ಆಡುತ್ತಿದ್ದರು. ವರ್ಷವಿಡೀ ಹಾರ್ಮೋನಿಯಂ ಮೇಷ್ಟ್ರ ಮುಂದೆ ಪ್ರಾಕ್ಟೀಸು, ಒಂದು ರಾತ್ರಿ ಆಟ. ಅಪ್ಪನಿಗೆ ಯಾವಾಗಲೂ ಗದೆ ಹಿಡಿಯುವ ಪಾತ್ರವೇ ಆಗಬೇಕು. ಊಟಕ್ಕೆ ಕೂತರೆ ಮುದ್ದೆ ಮುರಿದು ಸಾರಿಗೆ ಅದ್ದಿ, ಬಾಯಿಗಿಡುವ ಮೊದಲು ಒಂದು ಪದ್ಯ ಎತ್ತಿಬಿಡುತ್ತಿದ್ದ. ಅಜ್ಜಿ ಮಂಚದ ಮೇಲಿಂದಲೇ ತಾಳ ಹಾಕುತ್ತಿದ್ದಳು. ಪದ್ಯ ಮುಗಿಯುವ ಹೊತ್ತಿಗೆ ಸಾರು ಆರಿರುತ್ತಿತ್ತು, ಆರಿದ್ದಕ್ಕೆ ಅಮ್ಮನಿಗೆ ಬೈಗುಳ.

ಅಮ್ಮ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಹೊಲಿಗೆಯಲ್ಲಿ ಅವಳದು ಎತ್ತಿದ ಕೈ. ಕೊರಳಲ್ಲಿ ತಾಳಿಯ ಜೊತೆಗೇ ಒಂದು ಕಪ್ಪು ದಾರ, ಆ ದಾರದ ತುದಿಗೆ ಟ್ರಿಮ್ಮರು, ಅಂದರೆ ನೂಲು ಕತ್ತರಿಸುವ ಬೆರಳುದ್ದದ ಪುಟ್ಟ ಕತ್ತರಿ. ಭಾನುವಾರವೂ ಅದನ್ನು ತೆಗೆಯುತ್ತಿರಲಿಲ್ಲ. ಅಭ್ಯಾಸ. ಕಾಯಿಪಲ್ಲೆಯ ಕಟ್ಟು ಬಿಚ್ಚಲಿಕ್ಕೂ ಅದೇ, ನನ್ನ ಉಗುರಿಗೂ ಅದೇ. ಅಮ್ಮನಿಗೆ ಆ ಕೆಲಸದ ಮೇಲೆ ಜೀವ. ಬಸ್ಸಿನ ನೂಕುನುಗ್ಗಲು, ಸೂಪರ್‌ವೈಸರನ ಬೈಗುಳ, ಎಲ್ಲವನ್ನೂ ಹೇಳಿಕೊಂಡು ಗೊಣಗುತ್ತಿದ್ದಳು, ಆದರೆ ಒಂದು ದಿನ ರಜೆ ಹಾಕು ಅಂದರೆ ಮುಖ ಸಣ್ಣಗಾಗುತ್ತಿತ್ತು. ಅಪ್ಪನಿಗೂ ಅಜ್ಜಿಗೂ ಅದು ಸುತಾರಾಂ ಇಷ್ಟವಿರಲಿಲ್ಲ. ಅಜ್ಜಿಗೆ ಕಣ್ಣು ಮಂಜು, ಶಾಲೆ ಬಿಟ್ಟ ಮೇಲೆ ನನ್ನನ್ನು ನೋಡಿಕೊಳ್ಳುವವರಿಲ್ಲ ಎನ್ನುವುದು ಅವರ ತಕರಾರು. ತಿಂಗಳಿಗೆ ಎರಡು ಸಲವಾದರೂ ಅಪ್ಪ ಅದೇ ಮಾತು ಹೇಳುತ್ತಿದ್ದ:

"ನೋಡು, ಇವಳಿಗೆ ಒಂಚೂರು ಏನಾದ್ರೂ ಆಗ್ಲಿ, ಅವತ್ತೇ ನಿನ್ನ ಗಾರ್ಮೆಂಟ್ಸಿಗೆ ಮಂಗಳ ಹಾಡ್ಬಿಡ್ತೀನಿ."

ಅಮ್ಮ ಇದಕ್ಕೆ ಎದುರು ಮಾತಾಡುತ್ತಿರಲಿಲ್ಲ. ಮಿಕ್ಕೆಲ್ಲದಕ್ಕೂ ಆಡುತ್ತಿದ್ದಳು. ಇದೊಂದಕ್ಕೆ ಮಾತ್ರ ತಲೆ ತಗ್ಗಿಸಿ ಲೋಟ ತೊಳೆಯಲು ಹೋಗುತ್ತಿದ್ದಳು.

ಭಾನುವಾರ ಬೆಳಗ್ಗೆ ಎಣ್ಣೆ ಸ್ನಾನ, ಮಧ್ಯಾಹ್ನ ಕೋಳಿ ಸಾರು ಇಲ್ಲವೇ ಬಸ್ಸಾರು. ಎರಡು ಗಂಟೆಗೆ ಅಪ್ಪ ಗದೆ ಹೆಗಲಿಗೇರಿಸಿಕೊಂಡು ಪ್ರಾಕ್ಟೀಸಿಗೆ ಹೊರಡುತ್ತಿದ್ದ. ಬೀದಿಯ ನಾಯಿಗಳೆಲ್ಲ ಅವನನ್ನು ಗಲ್ಲಿಯ ಕೊನೆಯವರೆಗೂ ಬೊಗಳಿಕೊಂಡು ಹೋಗಿ ಬಿಟ್ಟು ಬರುತ್ತಿದ್ದವು. ಅಜ್ಜಿ ಗೋಡೆಯ ಕಡೆ ತಿರುಗಿ ಗೊರಕೆ ಶುರುಮಾಡುತ್ತಿದ್ದಳು. ಆಗ ಅಮ್ಮ ಬಾಗಿಲನ್ನು ಅರ್ಧ ಮುಂದಕ್ಕೆ ಮಾಡಿ, ಕಾಲು ಚಾಚಿ, ಮಡಿಲಿಗೆ ಅವರೆಕಾಯಿಯೋ ಸೊಪ್ಪೋ ಸುರಿದುಕೊಂಡು ಟೀವಿ ಮುಂದೆ ಕೂರುತ್ತಿದ್ದಳು. ಕೇಬಲ್ಲಿನವನು ಮೂರು ಗಂಟೆಗೆ ಒಂದು ಇಂಗ್ಲಿಷ್ ಸಿನಿಮಾ ಹಾಕುತ್ತಿದ್ದ, ಹಿಂದಿಯಲ್ಲಿ ಮಾತಾಡಿಸಿ. ಹತ್ತರಲ್ಲಿ ಎಂಟು ಸಲ ಅದು ಹಾರುವವನ ಸಿನಿಮಾ. ಯಾವ ಯಾವ ಸಿನಿಮಾ, ಯಾವ ಯಾವ ವೀರ, ನನಗೀಗ ಬೇರೆ ಬೇರೆ ನೆನಪಿಲ್ಲ. ಅಮ್ಮನಿಗೆ ಆಗಲೂ ಇರಲಿಲ್ಲ. ಬೆನ್ನ ಮೇಲೆ ಬಟ್ಟೆ ಇಳಿಬಿಟ್ಟುಕೊಂಡವರೆಲ್ಲ ಅವಳಿಗೆ ಒಬ್ಬನೇ. ನಮ್ಮ ಕಡೆ ಗಂಡಸರು ಹೆಗಲ ಮೇಲೆ ಹಾಕುವ ವಸ್ತ್ರಕ್ಕೆ ವಲ್ಲಿ ಅನ್ನುತ್ತಾರೆ. ಹಾಗಾಗಿ ಅವನು ವಲ್ಲಿಯವನು.

"ಬಂದ ನೋಡು ವಲ್ಲಿಯವನು. ಇವತ್ತೂ ಲೇಟು."

ಅಮ್ಮನಿಗೆ ಇಂಗ್ಲಿಷ್ ಇರಲಿ, ಹಿಂದಿಯೂ ಬರುತ್ತಿರಲಿಲ್ಲ. ಅದಕ್ಕೇನಂತೆ? ಅವರ ತುಟಿ ಅಲ್ಲಾಡಿದಾಗೆಲ್ಲ ಅವಳೇ ಕನ್ನಡದಲ್ಲಿ ಮಾತು ಕೊಡುತ್ತಿದ್ದಳು. ಹಗಲು ಕಚೇರಿಯಲ್ಲಿ ಬೈಸಿಕೊಳ್ಳುವ, ಹೊತ್ತಲ್ಲದ ಹೊತ್ತಿನಲ್ಲಿ ಬಟ್ಟೆ ಬದಲಿಸಿ ಓಡುವ, ಮೈಯೆಲ್ಲ ಗಾಯವಾಗಿದ್ದರೂ ಮನೆಯ ಬಾಗಿಲಲ್ಲಿ ನಿಂತು ಏನೂ ಆಗಿಲ್ಲವೆಂದು ನಗುವ ಆ ಮನುಷ್ಯ ಅವಳ ಬಾಯಲ್ಲಿ ಹೀಗೆ ಮಾತಾಡುತ್ತಿದ್ದ:

"ಲೇಟಾಯ್ತು ಕಣಮ್ಮ. ಯಾಕೆ ಅಂತ ಕೇಳ್ಬೇಡ. ಊಟ ಇದ್ರೆ ಹಾಕು."

ಹೊಡೆದಾಟ ಬಂದರೆ ಅಮ್ಮ ತಲೆ ಬಗ್ಗಿಸಿಬಿಡುತ್ತಿದ್ದಳು. ಕಟ್ಟಡಗಳು ಬೀಳಲಿ, ರೈಲು ಹಳಿ ತಪ್ಪಲಿ, ಅವಳ ಕಣ್ಣು ಅವರೆಕಾಯಿಯ ಮೇಲೆ. "ಹೊಡೆದಾಟ ಮುಗಿದ್ರೆ ಹೇಳು" ಅನ್ನುತ್ತಿದ್ದಳು. ಮಕ್ಕಳು ಯಾವುದಕ್ಕಾಗಿ ಆ ಸಿನಿಮಾ ನೋಡುತ್ತಾರೋ ಅದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಅವಳು ನೋಡುತ್ತಿದ್ದಳು. ಒಂದು ಸಲ ಆ ವೀರ ಯಾರದೋ ಮನೆಯಲ್ಲಿ ಕಾಫಿ ಕಪ್ಪನ್ನು ಎರಡು ಬೆರಳಲ್ಲಿ, ಬಹಳ ನಿಧಾನವಾಗಿ ಕೆಳಗಿಟ್ಟ. ಅಮ್ಮ ಕೈ ನಿಲ್ಲಿಸಿ ನೋಡಿದಳು.

"ಪಾಪ, ಎಷ್ಟು ಹುಷಾರಾಗಿ ಇಡ್ತಾನೆ ನೋಡು. ಬಲ ಜಾಸ್ತಿ ಆದ್ರೆ ಅದೂ ಒಂದು ಕಷ್ಟಾನೇ."

ನನಗೆ ಆ ಮಾತು ಅರ್ಥವಾಗಲಿಲ್ಲ. ಕಪ್ಪು ಒಡೆದಿದ್ದರೆ ಚೆನ್ನಾಗಿರುತ್ತಿತ್ತು ಅನ್ನಿಸಿತು.

ಒಂದು ಭಾನುವಾರ ಹಾರ್ಮೋನಿಯಂ ಮೇಷ್ಟ್ರಿಗೆ ಜ್ವರ ಬಂದು ಅಪ್ಪ ಅರ್ಧದಲ್ಲೇ ಮನೆಗೆ ಬಂದ. ಗದೆಯನ್ನು ಮೂಲೆಗಿಟ್ಟು ಟೀವಿ ನೋಡಿದ, ಅಮ್ಮನನ್ನು ನೋಡಿದ.

"ಏನೇ ಇದು? ಮೂರು ವರ್ಷದ ಮಗೂನಾ ನೀನು? ಪ್ಯಾಂಟಿನ ಮೇಲೆ ಚಡ್ಡಿ ಹಾಕ್ಕೊಂಡಿರೋನ್ನ ಬಾಯಿ ಬಿಟ್ಕೊಂಡು ನೋಡ್ತಾ ಕೂತಿದೀಯಲ್ಲ!"

"ನೀವು ಮೀಸೆ ಬರ್ಕೊಂಡು, ಗಾಜು ಅಂಟಿಸಿರೋ ಕಿರೀಟ ಇಟ್ಕೊಂಡು, ಕಾಗದದ ಗದೆ ತಿರುಗಿಸಿದ್ರೆ ಅದು ದೊಡ್ಡೋರ ಆಟ. ಅಲ್ವಾ?"

"ಅದು ಪುರಾಣ ಕಣೇ! ಅದ್ರಲ್ಲಿ ಧರ್ಮ ಐತೆ, ನೀತಿ ಐತೆ, ರಾಗ ಐತೆ."

"ಇದ್ರಲ್ಲೂ ಐತೆ. ರಾಗ ಒಂದಿಲ್ಲ ಅಷ್ಟೆ."

ಮಂಚದ ಮೇಲಿಂದ ಅಜ್ಜಿ ಕಣ್ಣು ತೆರೆಯದೆಯೇ ತೀರ್ಪು ಕೊಟ್ಟಳು:

"ಇಬ್ರುದೂ ಒಂದೇಯ. ಆಲು ಉಕ್ತಾ ಐತೆ, ಓಗಿ ನೋಡ್ರಿ."

ಆ ಜಗಳ ವಾರಗಟ್ಟಲೆ ನಡೆಯಿತು. ಅಪ್ಪ ಲೋಟ ಕೇಳುವಾಗ "ಹಾರಿಕೊಂಡು ಬಾ" ಅನ್ನುತ್ತಿದ್ದ. ಉಪ್ಪು ಕಡಿಮೆಯಾಗಿದೆ ಎಂದು ಅವನು ಅಂದರೆ ಅಮ್ಮ "ಪದ್ಯ ಹಾಡಿ, ಸರಿಹೋಗುತ್ತೆ" ಅನ್ನುತ್ತಿದ್ದಳು. ನಾನು ಇಬ್ಬರ ಮುಖವನ್ನೂ ನೋಡುತ್ತಾ, ಯಾರು ಗೆದ್ದರು ಎಂದು ಲೆಕ್ಕ ಹಾಕುತ್ತಾ ಉಣ್ಣುತ್ತಿದ್ದೆ. ಆ ವಯಸ್ಸಿನಲ್ಲಿ ನನಗೆ ಅಪ್ಪನೇ ಸರಿ ಅನ್ನಿಸುತ್ತಿತ್ತು, ಯಾಕೆಂದರೆ ಅವನ ಆಟಕ್ಕೆ ಸ್ಟೇಜು, ಪರದೆ, ಸೀರಿಯಲ್ ಸೆಟ್ಟು ಇರುತ್ತಿದ್ದವು. ಅಮ್ಮನದಕ್ಕೆ ಅವರೆಕಾಯಿ ಸಿಪ್ಪೆ.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಅಮ್ಮನ ಕಾರ್ಖಾನೆಗೆ ಯಾವುದೋ ಹೊರದೇಶದ ಆರ್ಡರು ಬಂತು. ಮಕ್ಕಳು ಹಬ್ಬಕ್ಕೆ ಹಾಕಿಕೊಳ್ಳುವ ವೀರವೇಷ. ಅಮ್ಮ ಬಾಗಿಲಲ್ಲೇ ಚಪ್ಪಲಿ ಬಿಡುತ್ತಾ ಕೂಗಿದಳು, ನಮ್ಮ ಲೈನಿಗೆ ವಲ್ಲಿ ಬಂದಿದೆ, ದಿನಕ್ಕೆ ಇಷ್ಟೆತ್ತರದ ರಾಶಿ, ಎಲ್ಲಾ ಕೆಂಪು! ಅವಳಿಗೆ ಕೊಟ್ಟದ್ದು ಕುತ್ತಿಗೆಯ ಕೆಲಸ. ಆದರೆ ಮೂರೇ ದಿನಕ್ಕೆ ಖುಷಿ ಇಳಿಯಿತು. ಆ ವಲ್ಲಿಯ ಕುತ್ತಿಗೆಗೆ ಗುಂಡಿಯಿಲ್ಲ, ಲಾಡಿಯಿಲ್ಲ. ಎಳೆದರೆ ಚರ್ ಎಂದು ಬಿಟ್ಟುಕೊಳ್ಳುವ ಎರಡು ಪುಟ್ಟ ಪಟ್ಟಿ ಮಾತ್ರ. ಅಮ್ಮ ಅದು ಸಾಲದೆಂದು ಪಟ್ಟಿಯನ್ನು ಉದ್ದಕ್ಕೆ ಕತ್ತರಿಸಿ ಹೊಲಿದಳಂತೆ. ಚೆಕಿಂಗಿನಲ್ಲಿ ಒಂದು ತೂಕ ಕಟ್ಟಿ ಜಗ್ಗಿ ನೋಡುತ್ತಾರೆ, ಅಷ್ಟಕ್ಕೇ ಬಿಟ್ಟುಕೊಳ್ಳಬೇಕು. ಅವಳ ಪೀಸುಗಳು ಬಿಡಲೇ ಇಲ್ಲ. ಇಡೀ ಕಟ್ಟು ವಾಪಸು. ಲೈನಿನ ನಲವತ್ತು ಹೆಂಗಸರ ಮುಂದೆ ಬೈಗುಳ. ಅವತ್ತು ಊಟದ ಹೊತ್ತಿಗೆ ಅವಳ ಕಣ್ಣು ಕೆಂಪಗಿತ್ತು.

"ಹೊಲಿಗೆ ಬಿಟ್ಕೊಂಡ್ರೆ ಬೈಯೋದು ಕೇಳಿದೀನಿ. ಬಿಟ್ಕೊಳ್ಳಲ್ಲ ಅಂತ ಬೈಸಿಕೊಂಡೋಳು ನಾನೊಬ್ಳೇ."

"ಯಾಕಂತೆ?" ಎಂದ ಅಪ್ಪ.

"ಯಾಕೆ ಅಂತ ಯಾರು ಹೇಳ್ತಾರೆ? ಹೇಳ್ದಷ್ಟು ಮಾಡು ಅಂದ್ರು."

ಆ ವಾರವೇ ಅವಳು ರಸ್ತೆಬದಿಯ ತುಂಡುಬಟ್ಟೆಯ ಅಂಗಡಿಯಿಂದ ಅಂಥದೇ ಕೆಂಪು ಬಟ್ಟೆ ತಂದು ಮನೆಯ ಕಾಲು ಮೆಷೀನಿನಲ್ಲಿ ನನಗೊಂದು ವಲ್ಲಿ ಹೊಲಿದಳು. ಹಟಕ್ಕೆ ಹೊಲಿದಳು. ಕುತ್ತಿಗೆಯನ್ನು ಪೂರ್ತಿ ಮುಚ್ಚಿ, ತಲೆಯಿಂದ ತೂರಿಸಿಕೊಳ್ಳುವ ಹಾಗೆ ಮಾಡಿ, ಪಟ್ಟಿಯ ಮೇಲೆ ಮೂರು ಸಾಲು ಹೊಲಿಗೆ ಓಡಿಸಿದಳು. ಎರಡೂ ಕೈಯಲ್ಲಿ ಹಿಡಿದು ಪಟಪಟ ಜಗ್ಗಿ ನನ್ನ ಕೊರಳಿಗೆ ಹಾಕಿದಳು.

"ತಗೋ. ಆನೆ ಎಳೆದ್ರೂ ಬರಲ್ಲ."

ಮುಂದಿನ ಭಾನುವಾರ ಅಪ್ಪ ಪ್ರಾಕ್ಟೀಸಿಗೆ ಹೋಗಿದ್ದ, ಅಜ್ಜಿ ಮಲಗಿದ್ದಳು, ಟೀವಿಯಲ್ಲಿ ಹೊಡೆದಾಟ ಶುರುವಾಗಿತ್ತು. ಹೊಡೆದಾಟದಲ್ಲಿ ಅಮ್ಮ ಮಾತಾಡುವುದಿಲ್ಲ, ಹಾಗಾಗಿ ನನಗೆ ಬೇಜಾರು. ವಲ್ಲಿ ಹಾಕಿಕೊಂಡು ಹೊರಗೆ ಬಂದೆ. ವಠಾರದ ಆಚೆ ನಮ್ಮ ಓನರು ಗೌಡರು ಹೊಸ ಮನೆ ಕಟ್ಟಿಸುತ್ತಿದ್ದರು. ಅರ್ಧ ಎದ್ದ ಗೋಡೆ, ಅದರ ಪಕ್ಕದ ಕಂಬದಿಂದ ಅಡ್ಡಾದಿಡ್ಡಿ ಚಾಚಿದ ಕಬ್ಬಿಣದ ಸರಳು, ಕೆಳಗೆ ಮರಳಿನ ರಾಶಿ. ಶಾಲೆ ಬಿಟ್ಟ ಮೇಲೆ ವಠಾರದ ಮಕ್ಕಳೆಲ್ಲ ದಿನಾ ಆ ಗೋಡೆಯಿಂದ ಮರಳಿಗೆ ಹಾರುತ್ತಿದ್ದೆವು. ಮರಳು ಚೆಲ್ಲಾಡಿದರೆ ಗೌಡರು ಬೈಯುತ್ತಾರೆಂದು ಕದ್ದು ಹಾರುತ್ತಿದ್ದೆವು. ಆಮೇಲೆ ಲಂಗ ಒದರಿಕೊಂಡು, ಏನೂ ಅರಿಯದವರ ಹಾಗೆ ಮನೆಗೆ ಬರುತ್ತಿದ್ದೆ. ಅವತ್ತೂ ಹಾಗೆಯೇ ಅವರ ಜೊತೆ ಹತ್ತಿದೆ, ಹಾರಿದೆ.

ವಲ್ಲಿಯ ಅಂಚು ಸರಳಿಗೆ ಸಿಕ್ಕಿಕೊಂಡಿತು. ನನ್ನ ಕಾಲು ಮರಳಿಗೆ ತಾಗಲಿಲ್ಲ. ಬಹಳವೆಂದರೆ ಒಂದು ಗೇಣು ಕಮ್ಮಿ. ಕೊರಳಲ್ಲಿ ಪಟ್ಟಿ ಬಿಗಿಯಿತು, ಉಸಿರು ಒಳಗೂ ಇಲ್ಲ ಹೊರಗೂ ಇಲ್ಲ. ಜೊತೆಯ ಮಕ್ಕಳು ಕಿರುಚಿದ್ದು ಎಲ್ಲೋ ದೂರದಲ್ಲಿ ಕೇಳಿಸಿತು. ಆಮೇಲೆ ಅಮ್ಮ. ಮಡಿಲ ಅವರೆಕಾಯಿ ದಾರಿಯುದ್ದಕ್ಕೂ ಚೆಲ್ಲುತ್ತಾ ಓಡಿ ಬಂದು ನನ್ನ ಎರಡೂ ಕಾಲನ್ನು ಅಪ್ಪಿ ಮೇಲಕ್ಕೆ ಎತ್ತಿದಳು. ಒಂದು ಕೈಯಲ್ಲಿ ನನ್ನನ್ನು ಹಿಡಿದು ಇನ್ನೊಂದು ಕೈಯನ್ನು ಪಟ್ಟಿಯೊಳಗೆ ತೂರಿಸಿ ಜಗ್ಗಿದಳು. ಅದು ಬರಲಿಲ್ಲ. ಮತ್ತೆ ಜಗ್ಗಿದಳು. ಬರಲಿಲ್ಲ. ಆಗ ನನ್ನ ಮುಖಕ್ಕೆ ಅಷ್ಟು ಹತ್ತಿರವಿದ್ದ ಅವಳ ಮುಖವನ್ನು ನಾನು ನೋಡಿದೆ. ಅದನ್ನು ವರ್ಣಿಸಲು ನನಗೆ ಇಷ್ಟವಿಲ್ಲ, ಆಗುವುದೂ ಇಲ್ಲ. ಮರುಕ್ಷಣ ಅವಳ ಕೈ ತನ್ನ ಕೊರಳಿಗೆ ಹೋಯಿತು. ಟ್ರಿಮ್ಮರಿನಿಂದ ತನ್ನದೇ ಮೂರು ಸಾಲನ್ನು ಒಂದೊಂದಾಗಿ ಕತ್ತರಿಸಿದಳು.

ಎರಡು ದಿನ ನನಗೆ ಸ್ವರ ಹೊರಡಲಿಲ್ಲ. ಕೊರಳ ಸುತ್ತ ಎದ್ದ ಬರೆಗೆ ಅಜ್ಜಿ ಅರಿಶಿನ ಮೆತ್ತಿ, ನಿವಾಳಿಸಿ, ದೇವರಿಗೆ ಮುಡಿಪು ಕಟ್ಟಿದಳು. ಮೂರನೆಯ ದಿನ ಅಪ್ಪ ನನ್ನನ್ನು ಎದುರಿಗೆ ಕೂರಿಸಿಕೊಂಡ.

"ನಿಜ ಹೇಳು. ಯಾಕೆ ಹಾರ್ದೆ?"

ಅಮ್ಮ ಅಡುಗೆ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ನಿಜ ನನಗೆ ಗೊತ್ತಿತ್ತು. ನಾನು ಪೆದ್ದಿಯಾಗಿರಲಿಲ್ಲ, ಮನುಷ್ಯರು ಹಾರುವುದಿಲ್ಲವೆಂದು ಮೂರನೇ ಕ್ಲಾಸಿನವಳಿಗೆ ಗೊತ್ತಿರುತ್ತದೆ. ದಿನಾ ಹಾರುವ ಗೋಡೆಯಿಂದ ಅವತ್ತೂ ಹಾರಿದೆ, ಅಷ್ಟೇ. ಆದರೆ ದಿನಾ ಅಂದರೆ ಗೌಡರ ಮರಳಿನ ವಿಷಯ ಹೊರಬೀಳುತ್ತದೆ, ಏಟು ಬೀಳುತ್ತದೆ. ಅಲ್ಲದೆ ಅಪ್ಪನ ಮುಖದಲ್ಲಿ ಉತ್ತರ ಆಗಲೇ ತಯಾರಾಗಿತ್ತು. ಅವನಿಗೆ ಬೇಕಾದ ಉತ್ತರವನ್ನೇ ಕೊಟ್ಟೆ.

"ಸಿನಿಮಾದಲ್ಲಿ ಹಾರ್ತಾರಲ್ಲ. ಅದಕ್ಕೆ."

"ಅಂಗನ್ನು! ಆ ಆಳು ಸಿನಿಮಾದ ಮನೆ ಆಳಾಗ" ಎಂದು ಅಜ್ಜಿ ಲಟಿಕೆ ಮುರಿದಳು. ಅಪ್ಪ ಎದ್ದವನೇ ಟೀವಿಯ ಹಿಂದಿನ ಕೇಬಲ್ಲು ವೈರನ್ನು ಕಿತ್ತು, ಸುತ್ತಿ, ಕಿಟಕಿಯಿಂದ ಆಚೆ ಎಸೆದ. ಇನ್ನು ಮೇಲೆ ಈ ಮನೆಯಲ್ಲಿ ಹಾರುವವರ ಸಿನಿಮಾ ಇಲ್ಲ ಎಂದ. ಅಮ್ಮ ಜಗಳ ಮಾಡುತ್ತಾಳೆ ಅಂದುಕೊಂಡೆ. ಉಪ್ಪಿಗೂ ಜಗಳ ಮಾಡುವವಳು. ಅವಳು ನನ್ನನ್ನೇ ಒಂದು ಗಳಿಗೆ ನೋಡಿ, "ಆಯ್ತು" ಎಂದಳು. ಆ ಕೆಂಪು ಬಟ್ಟೆಯನ್ನು ಕತ್ತರಿಸಿ, ಅಂಚು ಮಡಿಸಿ, ಬಿಸಿ ಪಾತ್ರೆ ಇಳಿಸುವ ಹಿಡಿಬಟ್ಟೆ ಮಾಡಿದಳು. ಮರುದಿನ ಎಂಟಕ್ಕೆ ಎಂದಿನಂತೆ ಟ್ರಿಮ್ಮರು ಕೊರಳಿಗೆ ಹಾಕಿಕೊಂಡು ಗಾರ್ಮೆಂಟ್ಸಿಗೆ ಹೋದಳು. ಆ ಆರ್ಡರು ಮುಗಿಯುವವರೆಗೂ ಅವಳ ಒಂದು ಪೀಸೂ ವಾಪಸು ಬರಲಿಲ್ಲವಂತೆ. ಅದು ನನಗೆ ಎಷ್ಟೋ ಆಮೇಲೆ ಗೊತ್ತಾಯಿತು.

ಭಾನುವಾರಗಳು ಉಳಿದವು, ವಲ್ಲಿಯವನು ಬರಲಿಲ್ಲ. ಮೂರು ಗಂಟೆಗೆ ಅಮ್ಮ ಅದೇ ಜಾಗದಲ್ಲಿ ಕಾಲು ಚಾಚಿ ಸೊಪ್ಪು ಬಿಡಿಸುತ್ತಿದ್ದಳು. ಪ್ರೆಸ್ಸಿನ ಸದ್ದೂ ಇಲ್ಲದ ಆ ಮಧ್ಯಾಹ್ನಗಳಲ್ಲಿ ಮನೆ ಎಷ್ಟು ಸುಮ್ಮನಿರುತ್ತಿತ್ತೆಂದರೆ ನನಗೆ ಮೈಯೆಲ್ಲ ಪರಚಿಕೊಳ್ಳುವಂತಾಗುತ್ತಿತ್ತು. "ಅವನ ಕತೆ ಹೇಳಮ್ಮ" ಎಂದು ಒಂದು ಸಲ ಕೇಳಿದೆ. "ಯಾವನ ಕತೆ?" ಎಂದಳು, ಅಷ್ಟೇ. ನಾನು ಎದ್ದು ಲೋಟಗಳನ್ನು ಹಿಂದಕ್ಕೆ ತಳ್ಳಿದೆ. ಅವತ್ತು ಅವು ಮುಂದಕ್ಕೆ ಬಂದೇ ಇರಲಿಲ್ಲ.

ಆಮೇಲೆ ನಾನು ಗಂಭೀರವಾದೆ. ಇದನ್ನು ತಮಾಷೆಗೆ ಹೇಳುತ್ತಿಲ್ಲ. ಕಾಲೇಜಿನಲ್ಲಿ ಫಿಲ್ಮ್ ಸೊಸೈಟಿ ಸೇರಿದೆ; ಒಬ್ಬ ಮುದುಕ ಇಪ್ಪತ್ತು ನಿಮಿಷ ಆಲೂಗಡ್ಡೆ ಸುಲಿಯುವ ಸಿನಿಮಾಗಳನ್ನು ಕಣ್ಣೆವೆ ಮಿಟುಕಿಸದೆ ನೋಡಿದೆ, ಕೆಳಗೆ ಕಾಲು ಕುಣಿಸುತ್ತಿದ್ದರೂ. ಆಮೇಲೆ ಪತ್ರಿಕೆಗಳಿಗೆ ಸಿನಿಮಾ ಬಗ್ಗೆ ಬರೆಯತೊಡಗಿದೆ, ಜನ ಕರೆದು ಮಾತಾಡಿಸತೊಡಗಿದರು. ಯಾರಾದರೂ ಗಾಳಿಯಲ್ಲಿ ಹಾರಿದರೆ ಆ ಸಿನಿಮಾ ನನ್ನ ಬಾಯಿಗೆ ಆಹಾರ. ಅದೊಂದು ನಿಲುವು ಎಂದು ನಾನೂ ನಂಬಿದ್ದೆ, ಬೇರೆಯವರೂ ನಂಬಿದ್ದರು. ಹಾರುವವನು ಕೆಟ್ಟವನಾಗಿ ಉಳಿದರೆ ಮಾತ್ರ ಮೂರನೇ ಕ್ಲಾಸಿನ ನನ್ನ ಸುಳ್ಳು ನಿಜದ ಹಾಗೆ ನಿಲ್ಲುತ್ತದೆ ಎನ್ನುವುದು ಯಾರಿಗೆ ಗೊತ್ತು?

ಅಪ್ಪ ತೀರಿಹೋದ ಮೇಲೆ ಅಮ್ಮ ಮಹದೇವಪುರದ ನನ್ನ ಮನೆಗೇ ಬಂದಳು. ಅಜ್ಜಿ ಬಹಳ ಹಿಂದೆಯೇ ಹೋಗಿದ್ದಳು. ಈಚೆಗೆ ಮಾರತ್ತಹಳ್ಳಿಯ ಹತ್ತಿರದ ಒಂದು ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಸಿನಿಮಾ ಗುಂಪಿನವರು ನನ್ನನ್ನು ಮಾತಿಗೆ ಕರೆದಿದ್ದರು. ಅಮ್ಮನೂ ಬಂದು ಹಿಂದಿನ ಸಾಲಿನಲ್ಲಿ ಕೂತು ಅವರು ಕೊಟ್ಟ ಬೋಂಡಾ ತಿನ್ನುತ್ತಿದ್ದಳು. ಕೊನೆಗೆ ಐ.ಡಿ. ಕಾರ್ಡನ್ನು ಕೊರಳಿಂದ ತೆಗೆಯಲು ಮರೆತ ಒಬ್ಬ ಹುಡುಗ ಎದ್ದು ನಿಂತ.

"ಮೇಡಂ, ಸೂಪರ್‌ಹೀರೋ ಸಿನಿಮಾನ ದೊಡ್ಡೋರ ಸೀರಿಯಸ್ ಆರ್ಟ್ ಅಂತ ಒಪ್ಕೋಬಹುದಾ? ನಂಗಂತೂ ಅಳು ಬರುತ್ತೆ ಮೇಡಂ, ಕೆಲವು ನೋಡಿದ್ರೆ."

ನಾನು ಅವನ ಪ್ರಶ್ನೆ ಮುಗಿಯುವುದಕ್ಕೇ ಕಾಯಲಿಲ್ಲ. ವಯಸ್ಕರ ಕಲೆ ವಯಸ್ಕರ ಬದುಕಿನ ಬಗ್ಗೆ ಇರಬೇಕು, ಒಳ್ಳೆಯದು ಕೆಟ್ಟದ್ದು ಎಂದು ಎರಡೇ ಬಣ್ಣವಿರುವ ಲೋಕ ಹತ್ತು ವರ್ಷದ ಮಕ್ಕಳಿಗೆ ಸರಿ, ವಯಸ್ಕರಿಗೆ ಅದು ಆಟಿಕೆ ಎಂದೆ. ಜನ ನಕ್ಕರು. ಆ ಹುಡುಗ ಕೂತ. ವಾಪಸು ಬರುವಾಗ ಮಾರತ್ತಹಳ್ಳಿ ಸೇತುವೆಯ ಕೆಳಗೆ ಕಾರು ನಿಂತೇಬಿಟ್ಟಿತು; ಎಡಕ್ಕೆ ಬಸ್ಸು, ಬಲಕ್ಕೆ ಬಸ್ಸು, ನಡುವೆ ನಾವಿಬ್ಬರು. ಅಮ್ಮ ಕಿಟಕಿಯಾಚೆ ನೋಡುತ್ತಲೇ ಕೇಳಿದಳು.

"ವಯಸ್ಕರು ವಯಸ್ಕರು ಅಂದ್ಯಲ್ಲ, ಯಾರೇ ಅವರು?"

"ದೊಡ್ಡೋರಮ್ಮ."

"ನಾನು ದೊಡ್ಡೋಳಾಗಿರ್ಲಿಲ್ವಾ ಆವಾಗ?"

ನಾನು ಸ್ಟೀರಿಂಗ್ ಕುಟ್ಟತೊಡಗಿದೆ. ಅವಳು ಬಿಡಲಿಲ್ಲ.

"ನೀನು ಆಮೇಲೆ ಅವನ ಸಿನಿಮಾ ಒಂದಾದ್ರೂ ಕೊನೇವರ್ಗೂ ಕೂತು ನೋಡಿದೀಯಾ?"

ನೋಡಿರಲಿಲ್ಲ. ಟ್ರೇಲರು ನೋಡಿದ್ದೆ, ಬೇರೆಯವರು ಬರೆದದ್ದನ್ನು ಓದಿದ್ದೆ, ಅರ್ಧಕ್ಕೆ ಎದ್ದು ಬಂದಿದ್ದೆ. ಆ ವಾರವಿಡೀ ನನಗೆ ಬರೆಯಲಾಗಲಿಲ್ಲ, ನಿದ್ದೆಯೂ ಸರಿಯಾಗಲಿಲ್ಲ. ಶನಿವಾರ ಸಿಟ್ಟಿಗೆದ್ದವಳಂತೆ ಫೋನು ತೆಗೆದು, ವೈಟ್‌ಫೀಲ್ಡ್ ಕಡೆಯ ಮಾಲೊಂದರಲ್ಲಿ ಭಾನುವಾರ ಮೂರು ಗಂಟೆಯ ಆಟಕ್ಕೆ ಎರಡು ಟಿಕೆಟ್ಟು ತೆಗೆದೆ. ಇಂಗ್ಲಿಷ್ ಸಿನಿಮಾ. ಹಾರುವವನದೇ.

ಅಮ್ಮ ಇಸ್ತ್ರಿ ಮಾಡಿದ ಸೀರೆ ಉಟ್ಟಳು. ಎಸ್ಕಲೇಟರು ಹತ್ತಲು ಹೆದರಿ ನನ್ನ ತೋಳು ಹಿಡಿದುಕೊಂಡವಳು ಕತ್ತಲಲ್ಲಿ ಸೀಟು ಸಿಕ್ಕ ಕೂಡಲೇ ಚಪ್ಪಲಿ ಬಿಟ್ಟು, ಕಾಲು ಮೇಲೆ ಮಡಚಿ, ಸ್ವಂತ ಮನೆಯಲ್ಲಿ ಕೂತಂತೆ ಕೂತಳು. ಅವನು ಬಂದ. ಅಮ್ಮ ಮುಂದಕ್ಕೆ ಬಾಗಿ ಅವನ ಬೆನ್ನನ್ನೇ ದಿಟ್ಟಿಸಿದಳು.

"ಒಳ್ಳೆ ಬಟ್ಟೆ. ಹೊಲಿಗೇನೇ ಕಾಣಲ್ಲ ನೋಡು."

ಹೊಡೆದಾಟ ಶುರುವಾಯಿತು. ಇಡೀ ಥಿಯೇಟರು ನಮ್ಮ ಹಳೆಯ ಗೋಡೆಯ ಹಾಗೆ ಅದುರಿತು. ಅಮ್ಮ ಕಣ್ಣು ಮುಚ್ಚಿದಳು.

"ಮುಗಿದ್ರೆ ಹೇಳು."

ನನಗೆ ಅಳು ಬಂತು. ಇದ್ದಕ್ಕಿದ್ದಂತೆ ಬಂತು. ಇಂಟರ್‌ವಲ್ ಲೈಟು ಹತ್ತಿದಾಗ ಅವಳು ನನ್ನ ಮುಖ ನೋಡಿದಳು. ಎಷ್ಟು ವರ್ಷ ಆ ವಾಕ್ಯವನ್ನು ಬಾಯಲ್ಲಿಟ್ಟುಕೊಂಡು ತಿರುಗಿದ್ದೆನೋ, ಹೇಳುವಾಗ ಅದು ಮೂರನೇ ಕ್ಲಾಸಿನವಳ ದನಿಯಲ್ಲೇ ಹೊರಬಂತು.

"ಅಮ್ಮ, ನಾನು ಸಿನಿಮಾ ನೋಡಿ ಹಾರಿದ್ದಲ್ಲ. ದಿನಾ ಹಾರ್ತಿದ್ವಿ ಅಲ್ಲಿ. ಸುಳ್ಳು ಹೇಳ್ದೆ ನಾನು."

"ಗೊತ್ತು ಕಣೆ. ನಿನ್ನ ಲಂಗದ ಮಡಿಕೇಲಿ ದಿನಾ ಮರಳು ಇರ್ತಿತ್ತು. ಒಗೆಯೋಳು ನಾನಲ್ವಾ?"

"ಮತ್ತೆ ಯಾಕೆ ಸುಮ್ನಿದ್ದೆ?"

ಅಮ್ಮ ಸೆರಗಿನ ಅಂಚನ್ನು ಬೆರಳಿಂದ ಸವರುತ್ತಾ, ಅಲ್ಲಿ ಹೊಲಿಗೆ ಎಲ್ಲಾದರೂ ಬಿಟ್ಟಿದೆಯೇ ಎಂದು ನೋಡಿದಳು.

"ದಿನಾ ಹಾರ್ತಾಳೆ ಅಂದ್ರೆ, ತಾಯಿ ಮನೇಲಿಲ್ಲ ಅಂತ ನನ್ನ ಕೆಲ್ಸ ಬಿಡಿಸ್ತಿದ್ರು. ನಿಮ್ಮಪ್ಪ ಕಾಯ್ತಾನೇ ಇದ್ರಲ್ಲ. ಅದೂ ಅಲ್ದೆ..." ಅವಳ ದನಿ ಇಳಿಯಿತು. "ನಿನ್ನ ಕೊರಳು ಬಿಗಿದಿದ್ದು ಆ ವಲ್ಲಿಯವನಲ್ಲ. ನನ್ನ ಹೊಲಿಗೆ. ಮೂರು ಸಾಲು. ಮಕ್ಳ ಕುತ್ತಿಗೆಗೆ ಬಿಟ್ಕೊಳ್ಳೋ ಹಂಗೇ ಹೊಲೀಬೇಕು ಅಂತ ಯಾಕಂದ್ರು ಅಂತ, ನೀನು ಅಲ್ಲಿ ನೇತಾಡ್ತಿರುವಾಗ ನಂಗೆ ತಿಳೀತು. ಅದನ್ನ ಯಾರ ಹತ್ರ ಹೇಳ್ಲಿ?"

ನಾನು ಅವಳ ಕೈ ಹಿಡಿದುಕೊಂಡೆ. ಟ್ರಿಮ್ಮರು ಹಿಡಿದು ಹಿಡಿದು ಹೆಬ್ಬೆರಳ ಬುಡ ಇವತ್ತಿಗೂ ಜಡ್ಡುಗಟ್ಟಿದೆ.

"ಊರ್ ಭಾರ ಎಲ್ಲಾ ಹೊರ್ತಾನಲ್ಲ, ನಂದೊಂದು ಹೊರ್ಲಿ ಅಂತ ಅವನ ತಲೆಗೇ ಹಾಕ್ಬಿಟ್ಟೆ" ಎಂದಳು ಅಮ್ಮ. "ಅವನೇನೂ ಅಂದ್ಕೊಳ್ಳಲ್ಲ. ಆದ್ರೆ ನೀನು ಮೈಕ್ ಹಿಡ್ಕೊಂಡು ಈಗ್ಲೂ ಅವನಿಗೇ ಬೈತಿದೀಯಲ್ಲ, ಅದಕ್ಕೆ ಹೊಟ್ಟೆ ಉರೀತು ನಂಗೆ."

ಲೈಟು ಆರಿತು. ಅವನು ಮನೆಗೆ ಬಂದಿದ್ದ. ಮೈಯೆಲ್ಲ ಗಾಯ, ಬೆನ್ನ ಮೇಲಿನ ಬಟ್ಟೆ ಅರ್ಧ ಹರಿದಿತ್ತು, ಬಾಗಿಲಲ್ಲಿ ನಿಂತಿದ್ದ. ಒಳಗೆ ಒಬ್ಬ ಮುದುಕಿ ಅವನ ಮುಖವನ್ನೇ ನೋಡುತ್ತಿದ್ದಳು. ಅವನ ತುಟಿ ಅಲ್ಲಾಡಿತು. ಅಮ್ಮ ನನ್ನ ಕಿವಿಯ ಹತ್ತಿರ ಬಗ್ಗಿದಳು.

"'ನಂದೇ ತಪ್ಪು ಕಣಮ್ಮ, ಇಷ್ಟು ವರ್ಷ ಹೇಳ್ಲಿಲ್ಲ' ಅಂತಿದಾನೆ."

ನನಗೆ ಇಂಗ್ಲಿಷ್ ಬರುತ್ತದೆ. ಅವನು ಹೇಳಿದ್ದು ಅದಲ್ಲ. ಮುಂದಿನ ಸಾಲಿನವನೊಬ್ಬ ತಿರುಗಿ "ಆಂಟಿ, ಸ್ವಲ್ಪ ಮೆಲ್ಲಗೆ" ಎಂದ. ನಾನು ಕಾಲು ಕುಣಿಸುವುದನ್ನು ನಿಲ್ಲಿಸಿ, ಇನ್ನಷ್ಟು ಹತ್ತಿರಕ್ಕೆ ಸರಿದು, ಅಮ್ಮನಿಗೆ ಕೇಳಿದೆ:

"ಅದಕ್ಕೆ ಅವಳೇನಂದ್ಳು?"